ಪಾಳಿ ವಾಚಿನ ಸಾವ್ಕಾರರು

ಅವರಿಗೆ ಬಹುವಚನ ಹಚ್ಚಿಯೇ ಬರೆಯುತ್ತೇನೆ. ಅದು ಗೌರವಕ್ಕಲ್ಲ. ಏಕವಚನದಲ್ಲಿ ಬರೆದದ್ದು ಗೊತ್ತಾದರೆ ನಮ್ಮಪ್ಪ ಎರಡು ದಿನ ನನ್ನ ಸಂಗಡ ಮಾತು ಬಿಡುತ್ತಾನೆ, ಅದಕ್ಕೆ. ಅಪ್ಪನಿಗೆ ಓದಲು ಬರುವುದಿಲ್ಲ. ಆದರೆ ನಾನು ಬರೆದದ್ದನ್ನು ಯಾರ ಕಡೆಯಿಂದಾದರೂ ಓದಿಸಿ ಕೇಳುವ ಚಟ ಅವನಿಗಿದೆ. ಅವರ ಹೆಸರನ್ನೂ ಬರೆಯುವುದಿಲ್ಲ. ಗಜೇಂದ್ರಗಡ, ರೋಣ, ನರಗುಂದದಲ್ಲಿ ಆ ವರ್ಷಗಳಲ್ಲಿ ಮಗಳನ್ನು ಕೊಟ್ಟು ಮದುವೆ ಮಾಡಿದ ಯಾರಿಗೂ ಹೆಸರು ಹೇಳುವ ಅಗತ್ಯ ಬೀಳುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಪತ್ರಿಕೆಯಲ್ಲಿ ಫೋಟೊ ಬಂತು, ಕೆಳಗೆ ‘ಸರಳ ಸಜ್ಜನಿಕೆಯ ವ್ಯಾಪಾರಸ್ಥರು’ ಎಂದು ಹಾಕಿದ್ದರು. ಸರಳ ಎಂದು ಬರೆದವರು ಯಾರೋ ಗೊತ್ತಿಲ್ಲ. ಅವರಲ್ಲಿ ಸರಳವಾಗಿದ್ದದ್ದು ಒಂದೇ, ‘ಈಗ ಇಲ್ಲ’ ಎನ್ನುವ ಎರಡು ಶಬ್ದ. ಇಲ್ಲ ಎನ್ನುವುದನ್ನು ಅಷ್ಟು ಚೆಂದ ಹೇಳುವವರನ್ನು ನಾನು ಇನ್ನೂ ನೋಡಿಲ್ಲ. ಕೇಳಲು ಹೋದವನಿಗೆ ಸಿಟ್ಟು ಬರುತ್ತಿರಲಿಲ್ಲ. ತನ್ನಲ್ಲೇ ಏನೋ ಕಡಿಮೆ ಇದೆ ಎಂದುಕೊಂಡು ಮೆಟ್ಟಿಲು ಇಳಿಯುತ್ತಿದ್ದ.

ಗಜೇಂದ್ರಗಡದ ಪೇಟೆಯಲ್ಲಿ, ಪಾತ್ರೆ ಅಂಗಡಿ ಮತ್ತು ಬೀಜದ ಅಂಗಡಿಯ ನಡುವೆ ಅವರ ವಾಚಿನಂಗಡಿ. ಗೋಡೆ ಗಡಿಯಾರ, ಅಲಾರಾಂ, ಬೆಲ್ಟು, ಸೆಲ್ಲು ಇಂಥವು ಸುತ್ತಲೂ ತೂಗುತ್ತಿದ್ದವು. ಅವುಗಳ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಅದೆಲ್ಲ ಆಳು ನೋಡಿಕೊಳ್ಳುವ ವ್ಯಾಪಾರ. ಅವರ ಮುಂದೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಕಡುಗೆಂಪು ಮಖಮಲ್ಲು, ಮಖಮಲ್ಲಿನ ಮೇಲೆ ಒಂದೇ ಒಂದು ಸ್ವಿಸ್ ವಾಚು. ಕೀಲಿ ಕೊಡುವಂತಿಲ್ಲ, ಸೆಲ್ ಹಾಕುವಂತಿಲ್ಲ, ಆದರೂ ನಡೆಯುತ್ತದೆ. ಹೇಗೆ ನಡೆಯುತ್ತದೆ ಎಂದು ಕೇಳಿದವರಿಗೆ ಅವರು ಒಂದು ನಗೆ ನಕ್ಕು ಚಹಾ ತರಿಸುತ್ತಿದ್ದರು. ಕಂಪನಿಯ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ನೆಟ್ಟಗೆ ಹೊರಳುತ್ತಿರಲಿಲ್ಲ. ಎಲ್ಲರೂ ಅದನ್ನು ಪಾಳಿ ವಾಚು ಎನ್ನುತ್ತಿದ್ದರು. ದುಡ್ಡು ಹಿಡಿದುಕೊಂಡು ಹೋದರೂ ಅದು ಸಿಗುತ್ತಿರಲಿಲ್ಲ, ಪಾಳಿ ಹಚ್ಚಬೇಕಾಗಿತ್ತು.

ಪಾಳಿ ಹಚ್ಚುವುದಕ್ಕೆ ಅವರು ಮಾಡಿದ ಏರ್ಪಾಡು ಇತ್ತಲ್ಲ, ಅದಕ್ಕೆ ಮಾತ್ರ ಅವರ ತಲೆಯನ್ನು ಮೆಚ್ಚಬೇಕು. ನಮ್ಮ ಕಡೆ ಅಳಿಯನಿಗೆ ಉಂಗುರ, ಬಟ್ಟೆ, ವಾಚು ಹಾಕುವುದು ಮೊದಲಿನಿಂದಲೂ ಇತ್ತು. ಕೀಲಿ ಕೊಡುವ ಸಾದಾ ವಾಚಿನಲ್ಲಿ ಎಲ್ಲ ಮುಗಿಯುತ್ತಿತ್ತು. ಇವರು ಏನು ಮಾಡಿದರೆಂದರೆ, ಪಾಳಿ ಬೇಕಾದವರು ಲಗ್ನಪತ್ರಿಕೆ ತಂದುಕೊಡಬೇಕು ಎಂದರು. ಪತ್ರಿಕೆಯನ್ನು ತಮ್ಮ ಬೆನ್ನ ಹಿಂದಿನ ಗೋಡೆಗೆ ಸಾಲಾಗಿ ಚುಚ್ಚಿದರು. ಯಾರ ಮನೆತನ ಯಾರ ಮನೆತನದ ಸಂಗಡ ಬೀಗತನ ಮಾಡುತ್ತಿದೆ, ಯಾರು ಮೂರನೆಯವರು, ಯಾರು ಹದಿಮೂರನೆಯವರು, ಎಲ್ಲ ಪೇಟೆಗೆ ಬಂದವರ ಕಣ್ಣಿಗೆ ಬೀಳುತ್ತಿತ್ತು. ವಾಚು ಬೇಡವಾದವರೂ ಗೋಡೆ ನೋಡಲು ಬರುತ್ತಿದ್ದರು. ನಿನ್ನೆ ಮೂರನೆಯದಾಗಿದ್ದ ಪತ್ರಿಕೆ ಇವತ್ತು ಏಳನೆಯದಾಗಿರುತ್ತಿತ್ತು. ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದರೆ ಹದಿನೇಳನೆಯದಾದೀತೆಂಬ ಅಂಜಿಕೆ. ನರಗುಂದದ ಒಬ್ಬ ಗುತ್ತಿಗೆದಾರನ ಪತ್ರಿಕೆ ಬಂದ ದಿನವೇ ಮೇಲಿನ ಸಾಲಿಗೆ ಏರಿತು. ಆ ವಾರ ಬಸ್ಸಿನಲ್ಲಿ ಹೆಂಗಸರು ಅದನ್ನೇ ಮಾತಾಡುತ್ತಿದ್ದರು.

ಇದರಿಂದ ಒಂದು ಪಜೀತಿಯಾಯಿತು. ಪಾಳಿ ಸಿಗಬೇಕಾದರೆ ಪತ್ರಿಕೆ ಬೇಕು. ಪತ್ರಿಕೆ ಅಚ್ಚು ಹಾಕಿಸಬೇಕಾದರೆ ತಾರೀಖು ಬೇಕು. ವಾಚು ಯಾವಾಗ ಸಿಗುತ್ತದೆ ಎಂದು ಗೊತ್ತಾಗದೆ ಗಂಡಿನವರು ತಾರೀಖು ಕೊಡುವುದಿಲ್ಲ. ಜನ ತಾರೀಖು ಬಿಟ್ಟು ಪತ್ರಿಕೆ ಅಚ್ಚು ಹಾಕಿಸತೊಡಗಿದರು. ಶುಭ ಮುಹೂರ್ತ ಎಂದು ಬರೆದು ಮುಂದೆ ಚುಕ್ಕಿ ಚುಕ್ಕಿ. ಪ್ರೆಸ್ಸಿನವನು ಮೊದಮೊದಲು ನಕ್ಕ, ಆಮೇಲೆ ಅವನಿಗೂ ರೂಢಿಯಾಯಿತು. ವಾಚಿಗೇನು, ತಾರೀಖು ಬಿಟ್ಟು ಅಚ್ಚು ಹಾಕಲೇನು ಎಂದು ತಾನೇ ಕೇಳುತ್ತಿದ್ದ.

ವಾರದಲ್ಲಿ ಒಂದು ದಿನ ಅವರು ರೋಣಕ್ಕೆ, ಒಂದು ದಿನ ನರಗುಂದಕ್ಕೆ ಹೋಗುತ್ತಿದ್ದರು. ಬಸ್ಸಿನಲ್ಲಿ ಮುಂದಿನ ಸೀಟು, ತೊಡೆಯ ಮೇಲೆ ಚರ್ಮದ ಸಣ್ಣ ಚೀಲ. ರೋಣದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ, ನರಗುಂದದಲ್ಲಿ ಒಂದು ಫೋಟೊ ಸ್ಟುಡಿಯೋದಲ್ಲಿ ತಾಸೆರಡು ತಾಸು ಕೂಡುತ್ತಿದ್ದರು. ಬಿಳಿ ಕೈಗವಸು ತೊಟ್ಟುಕೊಂಡು ವಾಚು ಹೊರಗೆ ತೆಗೆಯುವುದು, ಎಲ್ಲರಿಗೂ ತೋರಿಸುವುದು, ಒಬ್ಬರ ಕೈಗೂ ಕೊಡದೆ ಒಳಗೆ ಇಡುವುದು. ಬೇಕು ಎಂದವರಿಗೆ ಗಜೇಂದ್ರಗಡಕ್ಕೆ ಪತ್ರಿಕೆ ತರಲು ಹೇಳುವುದು. ಹೀಗೆ ಮಾರದೆಯೇ ಮಾರುವ ವ್ಯಾಪಾರ ಮೂರು ಊರಿಗೆ ಹಬ್ಬಿತು.

ಅವರ ಅಂಗಿಯ ಎಡತೋಳು ಯಾವತ್ತೂ ಎರಡು ಮಡಿಕೆ ಮೇಲಿರುತ್ತಿತ್ತು. ಬಲತೋಳಿಗೆ ಗುಂಡಿ ಹಾಕಿರುತ್ತಿದ್ದರು. ರೋಣದ ಕಾಲೇಜಿನಲ್ಲಿ ಹುಡುಗರು ಅದನ್ನು ನೋಡಿ ಕೈಯಲ್ಲಿ ವಾಚು ಇಲ್ಲದಿದ್ದರೂ ಎಡತೋಳು ಮಡಿಚತೊಡಗಿದರು. ನಾನೂ ಮೂರು ತಿಂಗಳು ಮಡಿಚಿದ್ದೇನೆ, ಸುಳ್ಳು ಯಾಕೆ ಹೇಳಲಿ. ಯಾರಾದರೂ ಟೈಮ್ ಕೇಳಿದರೆ ಅವರು ತಮ್ಮ ಕೈ ನೋಡಿಕೊಳ್ಳುತ್ತಿರಲಿಲ್ಲ. ಟೈಮು ಬೇಕಾದರೆ ಬಸ್‌ಸ್ಟ್ಯಾಂಡಿನಲ್ಲಿ ಗಡಿಯಾರ ಇದೆ ಎನ್ನುತ್ತಿದ್ದರು. ಎದುರಿಗೆ ಬಂದವರ ಮಣಿಕಟ್ಟು ಮೊದಲು ನೋಡಿ ಆಮೇಲೆ ಮುಖ ನೋಡುವುದು ಅವರ ಪದ್ಧತಿ.

ನನ್ನ ಮಣಿಕಟ್ಟನ್ನು ಅವರು ನೋಡಿದ್ದು ನಾನು ಬಿ.ಎ. ಪಾಸಾದ ದಿನ. ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಯಾರೂ ಡಿಗ್ರಿ ಮುಗಿಸಿರಲಿಲ್ಲ. ನಮ್ಮದು ನೇಕಾರರ ಮನೆ. ಎರಡು ಮಗ್ಗ. ಅಪ್ಪ ಮತ್ತು ಅವ್ವ ನೇಯುತ್ತಿದ್ದರು, ಅಕ್ಕ ರಾಟಿಯ ಮುಂದೆ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾನು ಮೂರು ವರ್ಷ ಪಾಸ್ ಹಿಡಿದು ಬಸ್ಸಿನಲ್ಲಿ ರೋಣಕ್ಕೆ ಹೋಗಿ ಬಂದು ಓದಿದೆ. ಇಂಗ್ಲಿಷ್ ಪೇಪರಿನಲ್ಲಿ ಒಮ್ಮೆ ಬಿದ್ದೆ, ಮತ್ತೆ ಬರೆದು ಪಾಸಾದೆ. ಎರಡನೇ ದರ್ಜೆ. ಅದನ್ನು ನಾನು ಎಲ್ಲಿಯೂ ಮುಚ್ಚಿಟ್ಟಿಲ್ಲ, ಯಾಕೆಂದರೆ ಆ ಎರಡನೇ ದರ್ಜೆಯ ಹಿಂದೆ ನಮ್ಮಕ್ಕನ ಬೆರಳುಗಳಿವೆ. ಅಪ್ಪ ಪೇಢೆ ತಂದು, ಮೊದಲು ಸಾವ್ಕಾರರಿಗೆ ಕೊಟ್ಟು ಬಾ ಎಂದ. ಹೋದೆ. ಅವರು ಪೇಢೆ ತೆಗೆದುಕೊಳ್ಳಲಿಲ್ಲ, ನನ್ನ ಎಡಗೈ ಹಿಡಿದರು. ವೈದ್ಯರು ನಾಡಿ ನೋಡಿದಂತೆ ತುಸು ಹೊತ್ತು ಹಿಡಿದುಕೊಂಡಿದ್ದು ಬಿಟ್ಟರು.

“ಡಿಗ್ರಿ ಬಂತು, ಖರೇ. ಕೈ ಇನ್ನಾ ಖಾಲಿನ ಐತಲ್ಲೋ ತಮ್ಮಾ.”

ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ನನಗೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

ಮುಂದಿನ ವರ್ಷ ಅಕ್ಕನಿಗೆ ಸವಡಿಯಿಂದ ಗಂಡು ಬಂತು. ಹಿಟ್ಟಿನ ಗಿರಣಿ ಇದ್ದ ಮನೆ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಅವರಪ್ಪ ಮಾತು ಜಾಸ್ತಿ. ಬಂಗಾರ ನಿಮ್ಮ ಶಕ್ತಿಯಂತೆ ಹಾಕಿರಿ, ಆದರೆ ಪಾಳಿ ವಾಚು ಬೇಕು ಎಂದರು. ಅಪ್ಪ ತಾರೀಖು ಬಿಟ್ಟ ಪತ್ರಿಕೆ ಅಚ್ಚು ಹಾಕಿಸಿ ಗೋಡೆಗೆ ಒಪ್ಪಿಸಿ ಬಂದ.

ಹದಿನಾಲ್ಕು ತಿಂಗಳು. ಅಪ್ಪ ವಾರಕ್ಕೊಮ್ಮೆ ಹೋಗಿ ಅಂಗಡಿಯ ಹೊರಗೆ ಚಪ್ಪಲಿ ಬಿಟ್ಟು ನಿಂತು ಗೋಡೆ ನೋಡಿ ಬರುತ್ತಿದ್ದ. ಓದು ಬಾರದಿದ್ದರೂ ನಮ್ಮ ಪತ್ರಿಕೆಯ ಮೇಲಿನ ಎರಡು ನವಿಲಿನ ಗುರುತು ಅವನಿಗಿತ್ತು. ಮುಂದೆ ಎಷ್ಟು ಪತ್ರಿಕೆ ಇವೆ ಎಂದು ಎಣಿಸಿಕೊಂಡು ಬಂದು ಅವ್ವನಿಗೆ ಹೇಳುತ್ತಿದ್ದ. ಒಂದು ಸಲ ಹನ್ನೊಂದಿದ್ದದ್ದು ಮುಂದಿನ ವಾರ ಹದಿನಾಲ್ಕಾಯಿತು. ನಾನು ಜಗಳಕ್ಕೆ ಎದ್ದೆ. ಅಪ್ಪ ತಡೆದ. ದೊಡ್ಡ ಮಂದಿ ಮದುವೆ ಬಂದಿರುತ್ತವೆ, ನಮ್ಮದೂ ಬರುತ್ತದೆ ಎಂದ. ಬಂತು. ಎರಡು ಮಗ್ಗದಲ್ಲಿ ಒಂದನ್ನು ಬಿಚ್ಚಿ ಪಕ್ಕದ ಓಣಿಯವರಿಗೆ ಕೊಟ್ಟು ಅಪ್ಪ ವಾಚು ತಂದ. ಟವೆಲ್ಲಿನಲ್ಲಿ ಸುತ್ತಿಕೊಂಡು, ಬೆಕ್ಕಿನ ಮರಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ತಂದ. ಮಗ್ಗ ಹೋದ ಜಾಗದಲ್ಲಿ, ನೇಯುವವರು ಕಾಲು ಇಳಿಬಿಡುವ ತಗ್ಗು ಉಳಿಯಿತು. ಅದನ್ನು ಮುಚ್ಚಲು ಅವ್ವ ಒಪ್ಪಲಿಲ್ಲ.

ಮದುವೆಯಾಯಿತು. ಭಾವ ಮಂಟಪದಲ್ಲಿ ವಾಚು ಕಟ್ಟಿಕೊಂಡ, ಸವಡಿಯವರೆಲ್ಲ ಬಗ್ಗಿ ನೋಡಿದರು. ಮರುದಿನ ಬೀಗರು ಅದನ್ನು ಬಿಚ್ಚಿಸಿ ತಿಜೋರಿಯಲ್ಲಿಟ್ಟರು. ಗಿರಣಿಯಲ್ಲಿ ಕಟ್ಟಿಕೊಂಡರೆ ಹಿಟ್ಟು ಹೋಗುತ್ತದೆ, ಅಷ್ಟು ದೊಡ್ಡ ವಸ್ತು ದಿನಾ ಕಟ್ಟುವುದೆಂದರೇನು ಎಂದು. ದೀಪಾವಳಿಯ ಪೂಜೆಗೆ ಹೊರಗೆ ತೆಗೆದು ಕುಂಕುಮ ಹಚ್ಚುವಾಗ ನೋಡುತ್ತಾರೆ, ವಾಚು ನಿಂತಿದೆ.

ಸತ್ತ ವಾಚು ಕೊಟ್ಟು ಮಗಳನ್ನು ದಾಟಿಸಿದ್ದಾರೆ ಎಂದು ಊರ ತುಂಬ ಮಾತಾಯಿತು. ಅಕ್ಕನ ಕೈಗೆ ವಾಚು ಕೊಟ್ಟು ಬಸ್ಸು ಹತ್ತಿಸಿದರು. ಸರಿ ಮಾಡಿಸಿಕೊಂಡೇ ಬರಬೇಕು ಎಂದರು. ಅಪ್ಪ ಸಾವ್ಕಾರರ ಕಡೆ ಓಡಿದ. ಅವರು ಎಣ್ಣೆ ಒಣಗಿದೆ, ಒಂದು ದಿನ ಬಿಟ್ಟು ಹೋಗಿರಿ ಎಂದರು. ಮರುದಿನ ವಾಚು ನಡೆಯುತ್ತಿತ್ತು. ಅಪ್ಪ ಅವರ ಕಾಲು ಮುಟ್ಟಿ ಬಂದ. ಅಕ್ಕ ಸವಡಿಗೆ ಹೋದಳು, ವಾಚು ತಿಜೋರಿಗೆ ಹೋಯಿತು, ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ನಿಂತಿದೆ. ಈ ಸಲ ಅಕ್ಕನ ಟ್ರಂಕೂ ಬಂತು.

ನಮ್ಮ ಮನೆಯಲ್ಲಿ ತಿಜೋರಿ ಎಲ್ಲಿಂದ ಬರಬೇಕು. ಕೀಲಿ ಬೀಳುವ ಪೆಟ್ಟಿಗೆ ಒಂದೂ ಇರಲಿಲ್ಲ. ಎಲ್ಲಾದರೂ ಇಟ್ಟರೆ ಇಲಿ ಎಳೆದೊಯ್ದೀತು ಎಂದು ಅಕ್ಕ ವಾಚನ್ನು ತನ್ನ ಕೈಗೇ ಕಟ್ಟಿಕೊಂಡಳು. ಕಟ್ಟಿಕೊಂಡೇ ರಾಟಿ ತಿರುವಿದಳು. ವಾಚು ನಡೆಯಿತು. ವಾರಗಟ್ಟಲೆ ನಡೆಯಿತು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವಳು ಜ್ವರ ಬಂದು ವಾಚು ಬಿಚ್ಚಿ ದಿಂಬಿನ ಕೆಳಗಿಟ್ಟು ಎರಡು ದಿನ ಮಲಗಿದಳು. ನಿಂತಿತು. ಎದ್ದು ರಾಟಿಗೆ ಕೂತಳು, ನಡೆಯಿತು. ಅಕ್ಕ ನಾಲ್ಕನೇ ಇಯತ್ತೆ ಓದಿದವಳು. ನನ್ನನ್ನು ಕರೆದು, ಇದು ಕೈ ಆಡಿದರೆ ನಡೆಯುತ್ತದೆ ನೋಡು ಎಂದಳು. ಬಿ.ಎ. ಓದಿದ ನನಗೆ ಆವರೆಗೆ ಅದು ಹೊಳೆದಿರಲಿಲ್ಲ.

ಅವತ್ತೇ ಮಧ್ಯಾಹ್ನ ನಾನು ವಾಚು ಹಿಡಿದುಕೊಂಡು ಅಂಗಡಿಗೆ ಹೋದೆ. ಅವರು ಭೂತಗನ್ನಡಿ ತೆಗೆಯಲು ಕಾಲ ಬಳಿಯ ಡ್ರಾವರ್ ಎಳೆದರು. ಒಳಗೆ ಅದೇ ವಾಚಿನ ಹೊಸ ಡಬ್ಬಿಗಳು, ಒಂದರ ಮೇಲೊಂದು ಆರು ಇದ್ದವು. ಬೆನ್ನ ಹಿಂದೆ ಗೋಡೆಯ ಮೇಲೆ ಪಾಳಿಗೆ ಕಾದ ಪತ್ರಿಕೆಗಳು ಮೂವತ್ತರ ಮೇಲಿದ್ದವು. ಡಬ್ಬಿಗಳ ಪಕ್ಕ ಇಂಗ್ಲಿಷಿನಲ್ಲಿ ಅಚ್ಚಾದ ಸಣ್ಣ ಚೀಟಿಗಳ ಕಟ್ಟು. ಮಾರುವ ಮುಂಚೆ ಪ್ರತಿ ಡಬ್ಬಿಯಿಂದ ಚೀಟಿ ತೆಗೆದಿಡುತ್ತಿದ್ದರು. ನಾನು ಕೇಳದೆ ಕೈಹಾಕಿ ಒಂದನ್ನು ತೆಗೆದು ಅಲ್ಲೇ ನಿಂತು ಓದಿದೆ. ತಡವರಿಸಿ ಓದಿದೆ, ಆದರೆ ತಿಳಿಯಿತು. ಕೈಯ ಚಲನೆಯಿಂದ ಈ ವಾಚಿನ ಯಂತ್ರ ಸುತ್ತಿಕೊಳ್ಳುತ್ತದೆ. ಬಿಚ್ಚಿಟ್ಟರೆ ಒಂದೂವರೆ ದಿನದಲ್ಲಿ ನಿಲ್ಲುತ್ತದೆ. ಅದು ದೋಷವಲ್ಲ.

ಅವರು ಗಾಬರಿಯಾಗಲಿಲ್ಲ. ಆಳನ್ನು ಚಹಾಕ್ಕೆ ಕಳಿಸಿದರು.

“ನಾ ಏನರೆ ಸುಳ್ಳ ಹೇಳೇನೇನೋ? ನಿಂದ್ರತೈತಿ ಅಂತ ಯಾರೂ ಕೇಳಿಲ್ಲ, ನಾ ಹೇಳಿಲ್ಲ.”

“ನಮ್ಮಕ್ಕ ಮನ್ಯಾಗ ಕುಂತಾಳ್ರಿ. ಒಂದ ಮಾತ ಹೇಳಿದ್ರ ಮುಗೀತಿತ್ತು.”

“ಒಂದ ಮಾತ ಹೇಳಿದ್ರ ನಂದೂ ಮುಗೀತಿತ್ತು.” ಗೋಡೆಯ ಕಡೆ ಕೈ ಮಾಡಿದರು. “ಎಲ್ಲಾರಿಗೂ ತಿಳದ ವಸ್ತುವಿಗೆ ಪಾಳಿ ಯಾರ ಹಚ್ಚತಾರ? ಡಿಗ್ರ್ಯಾಗ ಇದನ್ನ ಕಲಿಸಿಲ್ಲೇನ ನಿನಗ?”

ನಾನು ಸಿಟ್ಟು ನುಂಗಿಕೊಂಡೆ. ನನಗೆ ಅಕ್ಕನದು ಆಗಬೇಕಿತ್ತು. ಬರುವ ಸೋಮವಾರ ಸವಡಿಯಲ್ಲಿ ಹಿರಿಯರು ಕೂಡುತ್ತಾರೆ, ನೀವು ಬಂದು ಚೀಟಿಯಲ್ಲಿದ್ದದ್ದನ್ನು ನಿಮ್ಮ ಬಾಯಿಂದ ಹೇಳಿರಿ, ಡ್ರಾವರಿನ ವಿಷಯ ನಾನು ಎಲ್ಲೂ ಎತ್ತುವುದಿಲ್ಲ ಎಂದೆ. ಅವರು ಚೂರು ವಿಚಾರ ಮಾಡಿ, ಬರುತ್ತೇನೆ, ನಿನ್ನ ಸಲುವಾಗಿ ಅಲ್ಲ, ನಿಮ್ಮಪ್ಪನ ಸಲುವಾಗಿ ಎಂದರು. ಚೀಟಿಯನ್ನೂ ನನಗೇ ಬಿಟ್ಟರು. ನಾನು ನಂಬಿದೆ.

ಸೋಮವಾರ ಬಾಡಿಗೆ ಜೀಪು ಮಾಡಿಕೊಂಡು ಬಂದರು. ಗಿರಣಿಯ ಮುಂದಿನ ಕಟ್ಟೆಗೆ ಜಮಖಾನೆ ಹಾಸಿದ್ದರು. ಅಪ್ಪ ಕೆಳಗೆ ಕೂತಿದ್ದ. ಮೊದಲು ನಾನು ಎದ್ದು ನಿಂತು ಚೀಟಿಯನ್ನು ಇಂಗ್ಲಿಷಿನಲ್ಲಿ ಓದಿ, ಸಾಲು ಸಾಲಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಾಲೇಜು ಮುಗಿಸಿದ ಮೇಲೆ ನಾನು ಮಾಡಿದ ಮೊದಲ ಪಾಠ ಅದು. ಒಬ್ಬ ಹಿರಿಯರು ಎಲೆ ಮಡಿಚುತ್ತ ಹೇಳಿದರು:

“ಹುಡುಗಿ ತಮ್ಮ ಓದಿದ್ರ ಹುಡುಗಿ ಕಡಿನ ಓದ್ತಾನಪಾ. ತಿಳದವರು ಬಂದಾರಲ್ಲ, ಅವ್ರು ಹೇಳ್ಲಿ.”

ತಿಳಿದವರು ಬಿಳಿ ಕೈಗವಸು ತೊಟ್ಟುಕೊಂಡರು. ವಾಚನ್ನು ಕಿವಿಗೆ ಹಿಡಿದರು. ಆಮೇಲೆ ಸುತ್ತ ಕೂತವರ ಮುಖ ನೋಡಿದರು. ಆ ಜಮಖಾನೆಯ ಮೇಲೆ ಕೂತವರಲ್ಲಿ ಮೂವರ ಪತ್ರಿಕೆ ಇನ್ನೂ ಗೋಡೆಯ ಮೇಲಿತ್ತು, ಇಬ್ಬರು ಈಗಾಗಲೇ ವಾಚು ಒಯ್ದಿದ್ದರು. ಅವರೆಲ್ಲರ ಎದುರು ಇದು ಕೈ ಆಡಿದರೆ ನಡೆಯುವ ವಾಚು, ಅಷ್ಟೇ ಎಂದು ಹೇಳುವುದಕ್ಕೆ ಅವರಿಗೆ ಮನಸ್ಸಾಗಲಿಲ್ಲ.

“ಹುಡುಗ ಓದಿದ್ದು ಬರೋಬರಿ ಐತ್ರಿ. ಆದ್ರ ಅದು ಬ್ಯಾರೆ ವಾಚಿನ ಚೀಟಿ. ಇವರ ಪಾಳಿ ಬಂದಿದ್ದಿಲ್ಲ. ಮಗಳ ಮದುವಿ ಅಂತ ಅವಸರ ಮಾಡಿದ್ರು, ನಾ ಬ್ಯಾಡ ಬ್ಯಾಡ ಅಂದೆ. ಪಾಳಿ ಬಂದು ಒಯ್ದದ್ದು ಒಂದರೆ ನಿಂತೈತೇನು? ಇಲ್ಲೇ ಇದ್ದಾರ, ಕೇಳ್ರಿ.”

ವಾಚು ಒಯ್ದ ಇಬ್ಬರೂ ತಲೆ ಆಡಿಸಿದರು. ಅವರ ತಿಜೋರಿಯಲ್ಲೂ ಅವು ನಿಂತೇ ಇದ್ದವು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ತಮ್ಮದೂ ನಿಂತಿದೆ ಎಂದರೆ ತಾವೂ ಅವಸರ ಮಾಡಿ ತಂದವರಾಗುತ್ತಿದ್ದರು. ಪಾಳಿ ತಪ್ಪಿಸಿದ ಮನೆತನ ಎನಿಸಿಕೊಳ್ಳುವುದಕ್ಕಿಂತ ನಿಂತ ವಾಚೇ ಅವರಿಗೆ ವಾಸಿ.

ನಾನು ಅಪ್ಪನ ಕಡೆ ನೋಡಿದೆ. ಹದಿನಾಲ್ಕು ತಿಂಗಳು ಎನ್ನುವ ಎರಡು ಶಬ್ದ ಸಾಕಿತ್ತು. ಅಪ್ಪ ಎದ್ದು ಎಲ್ಲರಿಗೂ ಕೈಮುಗಿದ.

“ತಪ್ಪಾತ್ರಿ.”

ಡ್ರಾವರಿನ ಮಾತು ನಾನು ಎತ್ತಿದೆ, ಕೊಟ್ಟ ಮಾತು ಅವರೇ ಮುರಿದ ಮೇಲೆ ನನಗೇನು. ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ತಪ್ಪು ಒಪ್ಪಿಕೊಂಡ ಮೇಲೆ ಮಗನದು ಬರೇ ಬಾಯಿ ಜೋರು. ಪಾಳಿಯಲ್ಲಿ ಬಂದ ವಾಚು ತರುವವರೆಗೆ ಹುಡುಗಿ ತವರಲ್ಲಿರಲಿ ಎಂದು ಠರಾವಾಯಿತು.

ಬಸ್ಸಿನಲ್ಲಿ ಬರುವಾಗ ಅಪ್ಪ ಕಿಡಕಿಯ ಕಡೆ ಮುಖ ಮಾಡಿ ಕೂತಿದ್ದ. ಊರು ಬರುವ ಹೊತ್ತಿಗೆ, “ಅವಸರ ಮಾಡಿದ್ನೇನೋ ನಾನು” ಎಂದ. ತಿಂಗಳುಗಳನ್ನು ನಾನು ಬೆರಳು ಮಡಿಚಿ ಎಣಿಸಿ ತೋರಿಸಿದೆ. ಹದಿನಾಲ್ಕು ಎಂದು ಅವನೂ ಒಪ್ಪಿದ. ಒಪ್ಪಿ, “ಅವರಿಗೆ ಗೊತ್ತಿರತೈತಿ ಬಿಡೋ” ಎಂದ.

ಅಕ್ಕನದು ಅಕ್ಕನೇ ಬಗೆಹರಿಸಿಕೊಂಡಳು. ಮೂರು ತಿಂಗಳಾದ ಮೇಲೆ ಭಾವ ಗಿರಣಿಯ ಚಕ್ರಕ್ಕೆ ಹಾಕುವ ಪಟ್ಟಾ ತರಲು ಗಜೇಂದ್ರಗಡಕ್ಕೆ ಬಂದವನು ನಾಚಿಕೊಂಡೇ ಮನೆಗೆ ಬಂದ. ಅಕ್ಕ ರಾಟಿ ಬಿಟ್ಟು ಏಳಲಿಲ್ಲ. ಅವನು ಅವಳ ಕೈ ನೋಡಿದ, ತನ್ನ ಮೊಬೈಲಿನಲ್ಲಿ ಟೈಮ್ ನೋಡಿದ, ಮತ್ತೆ ಅವಳ ಕೈ ನೋಡಿದ. ಯಾರು ರಿಪೇರಿ ಮಾಡಿದರು ಎಂದು ಕೇಳಿದ.

“ಯಾರೂ ಮಾಡಿಲ್ಲ. ಕಟ್ಟಿಕೊಂಡು ಕೆಲಸ ಮಾಡಾಕತ್ತೀನಿ, ನಡ್ಯಾಕತ್ತೈತಿ. ನಿಮ್ಮ ಮನ್ಯಾಗ ಮಲಗಿಸಿದ್ರಿ, ಮಲಗಿತ್ತು.”

ಅವನು ಬಗ್ಗಿ ಅವಳ ಮಣಿಕಟ್ಟಿಗೆ ಕಿವಿ ಹಚ್ಚಿ ಕೇಳಿದ. ಆಮೇಲೆ ನಡಿ ಹೋಗೋಣ ಎಂದ. ಬರುತ್ತೇನೆ, ಆದರೆ ವಾಚು ನನ್ನ ಕೈಯಲ್ಲೇ ಇರುತ್ತದೆ, ನಿಮ್ಮಪ್ಪನಿಗೆ ನೀವೇ ಹೇಳಬೇಕು ಎಂದಳು. ಆ ಮಾತು ಕಡಿಮೆಯ ಮನುಷ್ಯ ತನ್ನ ಅಪ್ಪನಿಗೆ ಏನು ಹೇಳಿದನೋ ಗೊತ್ತಿಲ್ಲ. ಅಕ್ಕ ಗಿರಣಿಯಲ್ಲಿ ಹಿಟ್ಟು ಮೆತ್ತಿದ ಕೈಗೆ ಅದನ್ನು ಕಟ್ಟಿಕೊಂಡೇ ನಿಲ್ಲುತ್ತಾಳೆ. ಬೀಗರು ಒಂದು ವರ್ಷ ಗೊಣಗಿ ಬಿಟ್ಟರು.

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಚೀಟಿಯನ್ನು ಕನ್ನಡದಲ್ಲಿ ಚೆನ್ನಾಗಿ ಬರೆದು ಝೆರಾಕ್ಸ್ ಮಾಡಿಸಿ ಮೂರೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದೆ. ಡ್ರಾವರಿನಲ್ಲಿ ಆರು ವಾಚು ಇದ್ದದ್ದನ್ನೂ ಬರೆದೆ. ಇನ್ನು ಗೋಡೆ ಬರಿದಾಗುತ್ತದೆ ಎಂದುಕೊಂಡೆ. ಆದದ್ದೇ ಬೇರೆ. ಕೈಯ ಬಿಸಿಗೆ ನಡೆಯುವ ವಾಚಂತೆ ಎಂದು ಸುದ್ದಿಯಾಯಿತು. ಜೀವ ಇದ್ದವರ ಕೈಗೆ ಮಾತ್ರ ನಡೆಯುತ್ತದಂತೆ ಎಂದು ಯಾವಗಲ್ ಊರಿನ ಒಬ್ಬ ನನಗೇ ಹೇಳಿದ. ಆರೇ ಉಳಿದಿವೆಯಂತೆ ಎಂದು ಜನ ಓಡಿದರು. ಪತ್ರಿಕೆಗಳು ಎರಡನೇ ಗೋಡೆಗೂ ಹಬ್ಬಿದವು.

ಅವರು ನನ್ನನ್ನು ಕರೆಸಿದರು. ಬೈಯಲಿಲ್ಲ, ಚಹಾ ಕೊಟ್ಟರು. ಈ ಚೀಟಿಯನ್ನು ನಾನೇ ಅಚ್ಚು ಹಾಕಿಸಬೇಕಿತ್ತು, ಹೊಳೆಯಲಿಲ್ಲ ನೋಡು ಎಂದರು. ಡ್ರಾವರ್ ಎಳೆದು ಒಂದು ಡಬ್ಬಿ ನನ್ನ ಕಡೆ ಸರಿಸಿದರು.

“ಒಯ್ಯಿ. ನಿನಗ ಪಾಳಿ ಬ್ಯಾಡ.”

ನಾನು ಡಬ್ಬಿ ಮುಟ್ಟಲಿಲ್ಲ. ನಮ್ಮಪ್ಪನ ಪಾಳಿ ಬಂದಿತ್ತು ಎಂದು ಅವನಿಗೆ ಒಂದು ಸಲ ನೀವೇ ಹೇಳಿರಿ, ಊರ ಮುಂದೆ ಬೇಡ, ಅವನೊಬ್ಬನಿಗೆ ಸಾಕು ಎಂದೆ. ನಾನು ಹೇಳಿದರೆ ನಂಬುವುದಿಲ್ಲ ಎಂದೆ. ಅವರು ಡಬ್ಬಿ ಒಳಗಿಟ್ಟು, ಅದಕ್ಕೇನಂತೆ, ಹೇಳೋಣ ಎಂದರು.

ಹೇಳಲಿಲ್ಲ. ನಾನು ಮುಂದೆ ನರಗುಂದದಲ್ಲಿ ಹೈಸ್ಕೂಲ್ ಮೇಷ್ಟರಾದೆ. ರಜೆಗೆ ಊರಿಗೆ ಬಂದಾಗಲೆಲ್ಲ ಹೋಗಿ ನೆನಪು ಮಾಡುತ್ತಿದ್ದೆ. ಪ್ರತಿ ಸಲವೂ ಹೇಳೋಣ, ಹೇಳೋಣ. ಅಪ್ಪ ದಿನಾ ಅವರ ಅಂಗಡಿಯ ಮುಂದಿನಿಂದಲೇ ಸೀರೆಯ ಗಂಟು ಹೊತ್ತು ಹೋಗುತ್ತಿದ್ದ, ನಿಂತು ನಮಸ್ಕಾರ ಮಾಡಿ ಹೋಗುತ್ತಿದ್ದ. ಅವರಿಗೆ ಬಾಯಿ ತೆರೆಯಲು ಎಷ್ಟು ಹೊತ್ತು ಬೇಕಿತ್ತು. ಇತ್ತ ಅಪ್ಪ ಯಾವುದಕ್ಕೂ ಮುಂದೆ ಹೋಗುವುದನ್ನು ಬಿಟ್ಟ. ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ ಬಂದವರನ್ನೆಲ್ಲ ಮುಂದೆ ಬಿಟ್ಟು ಕೊನೆಗೆ ನಿಲ್ಲತೊಡಗಿದ. ಅವ್ವ ಬೈದರೆ, ಅವಸರ ಮಾಡಿ ಒಮ್ಮೆ ಅನುಭವಿಸಿದ್ದು ಸಾಲದೇ ಎನ್ನುತ್ತಿದ್ದ.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಅವರು ನಕಲಿ ಮಾಲು ಮಾರಲಿಲ್ಲ. ಅಕ್ಕನ ವಾಚು ಇವತ್ತಿಗೂ ನಿಮಿಷ ತಪ್ಪುವುದಿಲ್ಲ. ನಕಲಿ ಮಾರಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು. ಒಳ್ಳೆಯ ವಸ್ತುವನ್ನು ತೋರಿಸಿ, ಅದು ನಿನಗೆ ಸಿಗುವಂಥದ್ದಲ್ಲ ಎಂದು ನಂಬಿಸಿ, ಆಮೇಲೆ ಉಪಕಾರ ಮಾಡಿದಂತೆ ಕೊಡುವವರ ಮೇಲೆ ಯಾವ ಸ್ಟೇಷನ್ನಿನಲ್ಲಿ ದೂರು ಬರೆಸಬೇಕು?

ಕೆಲವು ವರ್ಷದಲ್ಲಿ ಎಲ್ಲರ ಕೈಗೆ ಮೊಬೈಲು ಬಂತು. ಅಳಿಯಂದಿರು ಕ್ಯಾಮೆರಾ ಇರುವ ಫೋನು, ಮೋಟರ್ ಸೈಕಲ್ಲು ಕೇಳತೊಡಗಿದರು. ಗೋಡೆಯಿಂದ ಪತ್ರಿಕೆಗಳು ಒಂದೊಂದೇ ಇಳಿದು ಸುಣ್ಣದ ಮೇಲೆ ಮೊಳೆಯ ತೂತು ಉಳಿದವು. ಕೊನೆಯ ಸಲ ಅವರನ್ನು ನೋಡಿದ್ದು ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ. ಸಕ್ಕರೆ ಕಾಯಿಲೆಯಲ್ಲಿ ಇಳಿದುಹೋಗಿದ್ದರು, ವಾಚು ಮಣಿಕಟ್ಟಿನಿಂದ ಮೊಣಕೈಗೆ ಜಾರುತ್ತಿತ್ತು. ಚೀಲ ಹಿಡಿದು ಬಸ್ಸು ಹತ್ತಿಸಿದೆ. ಸೀಟಿನಲ್ಲಿ ಕೂಡಿಸಿ, ನಮ್ಮಪ್ಪನಿಗೆ ಆ ಮಾತು ಹೇಳಬೇಕಿತ್ತಲ್ಲರಿ ಎಂದೆ.

“ಯಾವ ಮಾತೋ?”

ನಾಟಕವಾಡಲಿಲ್ಲ. ನಿಜಕ್ಕೂ ನೆನಪಿರಲಿಲ್ಲ. ನಮ್ಮ ಮನೆಯಲ್ಲಿ ಐದಾರು ವರ್ಷ ಒಬ್ಬ ಮನುಷ್ಯನನ್ನು ತಲೆ ತಗ್ಗಿಸಿ ಕೂಡಿಸಿದ್ದು ಅವರ ನೆನಪಿನಲ್ಲಿ ಉಳಿಯುವಷ್ಟು ದೊಡ್ಡದಾಗಿರಲಿಲ್ಲ. ನಾನು ಬಿಡಿಸಿ ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಹಾರಿ ಇಳಿದೆ. ಅವರನ್ನು ದ್ವೇಷಿಸಲು ನನಗೆ ಬೇರೆ ಯಾವ ಕಾರಣ ಇರದಿದ್ದರೂ ಆ ಎರಡು ಶಬ್ದ ಸಾಕು.

ಅವರು ತೀರಿಕೊಂಡ ದಿನ ರವಿವಾರ, ನಾನು ಊರಲ್ಲೇ ಇದ್ದೆ. ಮಣ್ಣಿಗೆ ಹೋಗೋಣ ಬಾ ಎಂದು ಅಪ್ಪ ಕರೆದ. ಬರುವುದಿಲ್ಲ ಎಂದೆ. ನಮ್ಮ ಸಲುವಾಗಿ ಸವಡಿಯವರೆಗೆ ಜೀಪು ಮಾಡಿಕೊಂಡು ಬಂದವರು ಎಂದ. ಅವರು ಅವತ್ತು ಹೇಳಿದ್ದು ಸುಳ್ಳು, ನಿನ್ನ ಪಾಳಿ ಬಂದಿತ್ತು ಎಂದು ನಾನು ಮತ್ತೊಮ್ಮೆ ಹೇಳಿದೆ. ಸತ್ತ ದಿನ ಹಾಗೆ ಅನ್ನಬೇಡ ಎಂದು ಅಪ್ಪ ಒಬ್ಬನೇ ಹೋದ.

ಹನ್ನೊಂದಕ್ಕೆ ಹೋದವನು ಸಂಜೆಗೆ ಬಂದ. ಒಳಗೆ ಬರದೆ ಹಿತ್ತಲಲ್ಲಿ ನಿಂತು ನೀರು ಕೇಳಿದ. ನಾನು ಕೊಡ ತಂದು ತಲೆಯ ಮೇಲೆ ಹೊಯ್ಯತೊಡಗಿದೆ. ಇಷ್ಟು ಹೊತ್ತು ಏನು ಮಾಡಿದೆ, ಎರಡು ತಾಸಿನ ಕೆಲಸ ಎಂದೆ. ಅಪ್ಪ ಮುಖದ ಮೇಲಿನ ನೀರು ಒರೆಸಿಕೊಂಡ.

“ಮಂದಿ ಭಾಳ ಬಂದಿತ್ತೋ. ಮೂರೂ ಊರಾಗಿನ ದೊಡ್ಡ ಮಂದಿ. ಹೂವು ಹಾಕಾಕ ಸಾಲ ಹಚ್ಚಿದ್ರು. ನಾ ಎಲ್ಲಾರಕಿಂತ ಹಿಂದ ನಿಂತೆ. ಯಾರ್ಯಾರೋ ನಡುವ ಬಂದು ಸೇರಿದ್ರು, ಸೇರಲಿ ಬಿಡು ಅಂದೆ. ನನ್ನ ಪಾಳಿ ಬಂದಮ್ಯಾಲನ ಹಾಕಿದೆ. ಈ ಸಲ ಅವಸರ ಮಾಡಲಿಲ್ಲ.”